ನನ್ನ ತಾಯಿಯ ಉಪವಾಸದ ಬಗ್ಗೆ ನೀವು ಬರೆದ ಒಂದು ಸಾಲು

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ತಾಯಿ ಸೋನಾಬಾಯಿ ಸಾವಿನ ಹತ್ತಿರ ಹೋಗಿ ಬಂದದ್ದಕ್ಕೆ ಕಾರಣ ‘ರೋಗಿಯ ಅಂಧಶ್ರದ್ಧೆ’ ಎಂದು ನಿಮ್ಮ ಕಚೇರಿ ವರದಿ ಬರೆದಿದೆ. ಕೆಳಗೆ ನಿಮ್ಮ ಸಹಿ, ಪಕ್ಕದಲ್ಲಿ ದುಂಡನೆಯ ಶಿಕ್ಕಾ, ‘ಪ್ರಕರಣ ನಿಕಾಲಿ’, ಅಂದರೆ ಮುಗಿಯಿತು, ಎಂಬ ಷರಾ, ಎಲ್ಲವೂ ಅಚ್ಚುಕಟ್ಟಾಗಿವೆ. ವರದಿ ಮಾತ್ರ ಸುಳ್ಳು. ಮರಾಠಿಯಲ್ಲಿ ಎರಡು ಅರ್ಜಿ ಕೊಟ್ಟೆ, ನೀವು ಉತ್ತರಿಸಲಿಲ್ಲ. ಆದ್ದರಿಂದ ಮೂರನೆಯದನ್ನು ನನ್ನ ತಾಯಿಗೂ ತಿಳಿಯುವ ಭಾಷೆಯಲ್ಲಿ, ಪತ್ರಿಕೆಯಲ್ಲಿ, ಎಲ್ಲರೆದುರಿಗೆ ಬರೆಯುತ್ತಿದ್ದೇನೆ. ನಿಮಗೆ ಓದಿ ಹೇಳಲು ಕಚೇರಿಯಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಮಹಾರಾಷ್ಟ್ರದಲ್ಲಿದ್ದರೂ ನಮ್ಮ ಗಡಹಿಂಗ್ಲಜ ಕಡೆ ಕನ್ನಡ ಬಲ್ಲವರಿಗೆ ಬರವಿಲ್ಲ.

ಕಳೆದ ವರ್ಷ ಆಷಾಢದಲ್ಲಿ ನಮ್ಮ ಊರು ನೂಲದಲ್ಲಿ ನಿಮ್ಮ ಮಧುಮೇಹ ಶಿಬಿರ ನಡೆಯಿತು. ಪೆಂಡಾಲು, ಬ್ಯಾನರು, ಬ್ಯಾನರಿನಲ್ಲಿ ನಿಮ್ಮ ನಗುಮುಖ. ಅರವತ್ತೆರಡು ವರ್ಷದ ಅವ್ವನಿಗೆ ಸಕ್ಕರೆ ಕಾಯಿಲೆ ಇರುವುದು ಹಳೆಯ ವಿಷಯ. ಅಲ್ಲಿ ಕುಳಿತಿದ್ದ ಡಾಕ್ಟರು ಎರಡೇ ನಿಮಿಷದಲ್ಲಿ ಆಕೆಯ ಗುಳಿಗೆ ಬದಲಿಸಿದರು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಹೊಸ ಜಾತಿಯ ಗುಳಿಗೆಯಂತೆ, ಹೃದಯಕ್ಕೂ ಕಿಡ್ನಿಗೂ ಒಳ್ಳೆಯದಂತೆ. ಕೊನೆಗೆ ಬೆರಳೆತ್ತಿ ಒಂದು ಮಾತು ಹೇಳಿದರು: “ಆಯಿ, ಏಕ್ ದಿವಸ್‌ಸುದ್ಧಾ ಖಾಡಾ ನಕೋ.” ಒಂದು ದಿನವೂ ತಪ್ಪಿಸಬಾರದು. ಅವ್ವ ಕೈಮುಗಿದು ಒಪ್ಪಿಕೊಂಡಳು.

ಅವ್ವ ಒಪ್ಪಿಕೊಂಡರೆ ಮುಗಿಯಿತು, ಅದನ್ನು ಬಿಡುವವಳಲ್ಲ. ಭಾದ್ರಪದದ ದಶಲಕ್ಷಣ ಪರ್ವ ಬಂತು. ಆ ಹತ್ತು ದಿನ ನಮ್ಮ ಜೈನ ಮನೆಗಳಲ್ಲಿ ಶಕ್ತಿ ಇದ್ದವರು ವ್ರತ ಹಿಡಿಯುತ್ತಾರೆ. ಅವ್ವ ಏಳು ದಿನ ಒಂದೇ ಹೊತ್ತು ಉಂಡಳು, ಕಡೆಯ ಮೂರು ದಿನ ಪೂರ್ಣ ಉಪವಾಸ ಕೂತಳು. ಹೊಟ್ಟೆಗೆ ಅನ್ನವಿಲ್ಲ. ದಿನಕ್ಕೊಮ್ಮೆ ಕಾಯಿಸಿದ ನೀರು, ಆ ನೀರಿನ ಜೊತೆ ನಿಮ್ಮ ಗುಳಿಗೆ. ವ್ರತವನ್ನೂ ಮುರಿಯಲಿಲ್ಲ, ನಿಮ್ಮ ಡಾಕ್ಟರ ಮಾತನ್ನೂ ಮುರಿಯಲಿಲ್ಲ. ಇಷ್ಟು ವಿಧೇಯಳಾದ ರೋಗಿ ನಿಮಗೆ ಇನ್ನೆಲ್ಲಿ ಸಿಗಬೇಕು ಸ್ವಾಮಿ?

ಎರಡನೆಯ ಉಪವಾಸದ ದಿನ ವಾಂತಿ ಶುರುವಾಯಿತು. ಹೊಟ್ಟೆನೋವು, ಮೈಯೆಲ್ಲ ಸುಸ್ತು. ಊರಿನ ಆರೋಗ್ಯ ಕಾರ್ಯಕರ್ತೆ ಕಾಜಲ ಓಡಿ ಬಂದು ಬೆರಳು ಚುಚ್ಚಿ ನೋಡಿದಳು. ನೂರಾ ಐವತ್ತೆಂಟು. “ಶುಗರ ಚಲೋ ಐತ್ರಿ ಅಣ್ಣಾರ. ಪಿತ್ತ ಆಗಿರಬೇಕು, ಭಾಳ ಕಾಳಜಿ ಮಾಡಬ್ಯಾಡ್ರಿ,” ಎಂದಳು. ಆ ಹುಡುಗಿಯ ತಪ್ಪೇನೂ ಇಲ್ಲ. ಮಷೀನು ತೋರಿಸಿದ್ದನ್ನು ಓದಲು ನೀವು ಕಲಿಸಿದ್ದೀರಿ, ಅವಳು ಓದಿದಳು. ನಾನೂ ನಿಶ್ಚಿಂತೆಯಿಂದ ಅಂಗಡಿಗೆ ಹೋದೆ. ಮರುದಿನ ಬೆಳಗ್ಗೆ ಅವ್ವ ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದಳು, ನನ್ನ ಗುರುತೂ ಹಿಡಿಯಲಿಲ್ಲ.

ಕೊಲ್ಹಾಪುರದ ಖಾಸಗಿ ಆಸ್ಪತ್ರೆಯಲ್ಲಿ ಪ್ರಿಯದರ್ಶನಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ನೋಡಿದರು. ಆಕೆ ಕೇಳಿದ್ದು ಎರಡೇ ಪ್ರಶ್ನೆ: “ಯಾವ ಗುಳಿಗಿ ತಗೋತಿದ್ರು? ಉಪವಾಸ ಇದ್ರೇನ್ರಿ?” ಉತ್ತರ ಕೇಳಿ ರಕ್ತ ಪರೀಕ್ಷೆಗೆ ಕಳಿಸಿದರು. ಆಮೇಲೆ ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ಈ ಜಾತಿಯ ಗುಳಿಗೆ ತೆಗೆದುಕೊಂಡು ಊಟ ಬಿಟ್ಟರೆ ದೇಹ ತನ್ನ ಕೊಬ್ಬನ್ನೇ ಸುಡುತ್ತದೆ, ರಕ್ತ ಆಮ್ಲವಾಗುತ್ತದೆ. ಬಹಳ ಜನರಿಗೆ ಹೀಗಾಗುವುದಿಲ್ಲ, ಆದರೆ ಆದಾಗ ಸಕ್ಕರೆ ಹೆಚ್ಚು ಏರದೆ ಇರಬಹುದು, ಹಾಗಾಗಿ ಮಷೀನು ನಂಬಿದವರು ಮೋಸ ಹೋಗುತ್ತಾರೆ. ಅವ್ವ ನಾಲ್ಕು ದಿನ ಐಸಿಯುನಲ್ಲಿದ್ದಳು.

ಈ ಸಂಗತಿಯನ್ನು ಸಂಶೋಧಕರು ನಿನ್ನೆ ಮೊನ್ನೆ ಕಂಡುಹಿಡಿದದ್ದೇನಲ್ಲ. ಹತ್ತು ವರ್ಷಗಳಿಂದ ಬರೆಯುತ್ತಿದ್ದಾರೆ. ದೀರ್ಘ ಉಪವಾಸವಿದ್ದರೆ, ಆಪರೇಷನ್ ಇದ್ದರೆ, ವಾಂತಿಭೇದಿ ಹತ್ತಿದರೆ ವೈದ್ಯರನ್ನು ಕೇಳಿ ಕೆಲವು ದಿನ ಈ ಗುಳಿಗೆ ನಿಲ್ಲಿಸಬೇಕು ಎಂಬ ಸೂಚನೆ ಇದೆ. ಗುಳಿಗೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದರಿಂದ ಎಷ್ಟೋ ಜನರ ಹೃದಯ, ಕಿಡ್ನಿ ಉಳಿದಿವೆ. ಈ ಪತ್ರ ಓದಿ ಯಾರೂ ತಾವಾಗಿಯೇ ಅದನ್ನು ಬಿಡಬಾರದು. ನನ್ನ ಸಿಟ್ಟು ಗುಳಿಗೆಯ ಮೇಲಲ್ಲ. ಅದರ ಒಳ್ಳೆಯ ಅರ್ಧವನ್ನು ಬ್ಯಾನರಿಗೆ ಹಾಕಿ ಉಳಿದ ಅರ್ಧವನ್ನು ನುಂಗಿಕೊಂಡ ನಿಮ್ಮ ಮೇಲೆ.

ನಾನು ಗೊಬ್ಬರ, ಬೆಳೆ ಔಷಧಿ ಅಂಗಡಿಯವನು. ನಾನು ಮಾರುವ ಕೀಟನಾಶಕದ ಬಾಟಲಿ ಮೇಲೆ ಎಷ್ಟು ವಿಷ ಎಂದು ತೋರಿಸುವ ಬಣ್ಣದ ಗುರುತು ಇರಲೇಬೇಕು, ಒಳಗೆ ರೈತನ ಭಾಷೆಯಲ್ಲಿ ಚೀಟಿ ಇರಲೇಬೇಕು. ಗುರುತು ಅಳಿಸಿದ ಬಾಟಲಿ ಸಿಕ್ಕರೆ ನಿಮ್ಮದೇ ಸರ್ಕಾರದ ಇನ್ಸ್‌ಪೆಕ್ಟರು ನನ್ನ ಲೈಸೆನ್ಸಿಗೆ ಕೈ ಹಾಕುತ್ತಾರೆ. ಕಬ್ಬಿನ ಹುಳಕ್ಕೆ ಹೊಡೆಯುವ ಎಣ್ಣೆಗೆ ಇಷ್ಟು ಕಟ್ಟಳೆ. ನನ್ನ ತಾಯಿ ನುಂಗುವ ಗುಳಿಗೆಗೆ, ಇರುವೆಯ ಕಾಲಿನಂಥ ಅಕ್ಷರದ ಇಂಗ್ಲಿಷು. ಅದನ್ನು ಓದಬೇಕಾದವಳು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು.

ಅಂಧಶ್ರದ್ಧೆಯಂತೆ! ಉಪವಾಸ ಮಾಡದ ಒಂದು ಓಣಿ ಈ ತಾಲೂಕಿನಲ್ಲಿದ್ದರೆ ತೋರಿಸಿ. ಸೋಮವಾರ ಹಿಡಿಯುವವರು, ನವರಾತ್ರಿ ಹಿಡಿಯುವವರು, ರೋಜಾ ಹಿಡಿಯುವವರು ಎಲ್ಲರೂ ಇಲ್ಲೇ ಇದ್ದಾರೆ. ಏಕಾದಶಿ ದಿನ ನಿಮ್ಮ ಕಚೇರಿಯ ಕ್ಯಾಂಟೀನಿನಲ್ಲೇ ಉಪವಾಸದವರ ಸಾಬುದಾಣಿ ಖಿಚಡಿ ಹತ್ತು ಗಂಟೆಗೆ ಖಾಲಿಯಾಗುತ್ತದೆ, ನಾನು ಅರ್ಜಿ ಹಿಡಿದು ನಿಂತಾಗ ಕಣ್ಣಾರೆ ಕಂಡೆ. ತಿನ್ನುತ್ತಿದ್ದ ನಿಮ್ಮ ಸಿಬ್ಬಂದಿಯನ್ನು ಯಾವ ಕಡತದಲ್ಲಿ ಅಂಧಶ್ರದ್ಧರೆಂದು ಬರೆದಿದ್ದೀರಿ? ಇಂಥ ಸೀಮೆಗೆ ಇಂಥ ಗುಳಿಗೆ ತರುವಾಗ ‘ಉಪವಾಸ ಮಾಡ್ತೀರೇನು?’ ಎಂದು ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲವೇ?

ನಿಮ್ಮ ವರದಿ ಊರಿನ ವಾಟ್ಸಾಪಿನಲ್ಲಿ ಓಡಾಡಿತು. ಬಸದಿಯ ಕಟ್ಟೆಯ ಮೇಲೆ ಯಾರೋ ಅವ್ವನಿಗೆ ಓದಿ ಹೇಳಿದರು. ಮೊನ್ನೆ ಮತ್ತೆ ಶಿಬಿರ ಬಂತು. ಈಗ ಆಕೆಗೆ ಬೇರೆ ಗುಳಿಗೆ ಇದೆ, ಊಟ ತಪ್ಪಿಸಿದರೆ ಸಕ್ಕರೆಯನ್ನು ಒಮ್ಮೆಲೇ ಕೆಳಗಿಳಿಸಿ ಎಚ್ಚರ ತಪ್ಪಿಸುವಂಥದ್ದು. ಕಾಜಲ ಬುದ್ಧಿ ಕಲಿತಿದ್ದಾಳೆ, ಯಾರೂ ಹೇಳಿಕೊಡದಿದ್ದರೂ ತಾನೇ ಕೇಳಿದಳು:

“ಆಯಿ, ಈ ವರ್ಷ ಪರ್ವಕ್ಕ ಉಪವಾಸ ಕೂಡ್ತೀರೇನ್ರಿ?”

“ಇಲ್ಲವ್ವಾ, ಬಿಟ್ಟೀನಿ,” ಎಂದಳು ಅವ್ವ.

ಬಿಟ್ಟಿಲ್ಲ. ಹಿಂದಿನ ದಿನವೇ ಬಸದಿಯಲ್ಲಿ ಸಂಕಲ್ಪ ಮಾಡಿ ಬಂದಿದ್ದಳು, ಜೊತೆಗೆ ನಾನೇ ಇದ್ದೆ. ಹೊರಗೆ ಬಂದು ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ಖರೇ ಹೇಳಿದ್ರ ಮತ್ತ ಹಾಳಿಮ್ಯಾಗ ಬರೀತಾರ, ಧನಪಾಲ. ನನಗ ಬೈದ್ರ ಬೈಲಿ. ನನ್ನ ವ್ರತಕ್ಕ ಯಾಕ ಬೈಸಿಕೊಳ್ಳಲಿ?”

ಆಕೆ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸಾಲಿನಲ್ಲಿ ಆಕೆಯ ಹಿಂದಿದ್ದ ಮೂವರು ಹೆಂಗಸರೂ ಕಾಜಲಳಿಗೆ ‘ಬಿಟ್ಟೀನಿ’ ಎಂದೇ ಹೇಳಿದ್ದರು. ನಾನೂ ಸುಮ್ಮನೆ ನಿಂತೆ. ಆ ನಾಚಿಕೆ ತಡೆಯಲಾರದೆ ಈ ಪತ್ರ ಬರೆಯುತ್ತಿದ್ದೇನೆ. ಇದು ಅಚ್ಚಾದ ದಿನ ಅವ್ವ ನನ್ನೊಡನೆ ಮಾತು ಬಿಡುತ್ತಾಳೆ. ಬಿಡಲಿ, ಬದುಕಿದ್ದು ಬಿಡಲಿ.

ನನಗೆ ಪರಿಹಾರ ಬೇಡ, ವಿಚಾರಣೆಯ ಸಮಿತಿ ಬೇಡ. ಆ ‘ಅಂಧಶ್ರದ್ಧೆ’ ಎಂಬ ಶಬ್ದವನ್ನು ವರದಿಯಿಂದ ತೆಗೆಯಿರಿ. ತೆಗೆದದ್ದನ್ನು ನೀವೇ ನೂಲಕ್ಕೆ ಬಂದು, ಬಸದಿಯ ಕಟ್ಟೆಯ ಮೇಲೆ ಕೂತು, ಆ ಹೆಂಗಸರಿಗೆ ಹೇಳಿ. ಆಮೇಲೆ ಯಾರು ಯಾವ ದಿನ ಉಣ್ಣುವುದಿಲ್ಲ ಎಂದು ಮರ್ಯಾದೆಯಿಂದ ಕೇಳಿ, ಅದರಂತೆ ಗುಳಿಗೆ ಹೊಂದಿಸಿಕೊಡುವ ಡಾಕ್ಟರನ್ನು ಕಳಿಸಿ. ಬೇಗ ಬನ್ನಿ. ಪರ್ವಕ್ಕೆ ಇನ್ನು ಇಪ್ಪತ್ತಾರು ದಿನ ಇದೆ, ಅವ್ವ ಈ ಸಲ ಐದು ಉಪವಾಸ ಹಿಡಿದಿದ್ದಾಳೆ.

ಇಂತಿ,
ನಿಮ್ಮ ಕಡತದಲ್ಲಿ ಮುಗಿದುಹೋದ ಪ್ರಕರಣಕ್ಕೆ ದಿನಾ ಬೆಳಗ್ಗೆ ಗುಳಿಗೆ ಎತ್ತಿಕೊಡುವ ಮಗ,
ಧನಪಾಲ, ನೂಲ