ಹಳೆಯ ಒಂಬತ್ತನೇ ಕಲ್ಲು

ಶಿರಗುಪ್ಪಿ
18 ನವೆಂಬರ್ 2024, ಸೋಮವಾರ

ಪೂಜ್ಯ ಮಾತಾಜಿಯವರ ಚರಣಗಳಲ್ಲಿ ಆಬಾಸಾಹೇಬನ ವಂದಾಮಿ.

ರತ್ನತ್ರಯ ಕುಶಲವೇ? ಹೀಗೆಯೇ ಕೇಳಬೇಕೆಂದು ನಮ್ಮ ಪಕ್ಕದ ತೋಟದ ಜಿನ್ನಪ್ಪ ಹೇಳಿಕೊಟ್ಟ. ನಾನು ಕೇಳಬೇಕೆಂದಿರುವುದು ನಿಮ್ಮ ಬಲ ಮೊಣಕಾಲಿನ ವಿಷಯ. ಚಳಿ ಬಿದ್ದರೆ ಅದು ಬಾತುಕೊಳ್ಳುತ್ತಿತ್ತು, ಎಳ್ಳೆಣ್ಣೆ ಕಾಯಿಸಿ ತಿಕ್ಕಿಕೊಳ್ಳುತ್ತಿದ್ದಿರಿ. ಈಗ ಬರಿಗಾಲಲ್ಲಿ ಡಾಂಬರಿನ ಮೇಲೆ ನಡೆಯುವಾಗ ಹೇಗಿದೆಯೋ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ‘ನೀವು’ ಎಂದು ಬರೆಯುವುದು ಕಲಿತಿದ್ದೇನೆ, ಮೊಣಕಾಲಿನ ಚಿಂತೆ ಬಿಡುವುದು ಕಲಿತಿಲ್ಲ. ನಿಮ್ಮ ಜೊತೆಗಿದ್ದು ಇದನ್ನು ಓದಿ ಹೇಳುವ ತಂಗಿ ಈ ಸಾಲು ಬಿಟ್ಟು ಓದಿದರೂ ನಡೆಯುತ್ತದೆ.

ಮನೆಯಲ್ಲಿ ಎಲ್ಲ ಸರಿಯಿದೆ. ಸುಜಯನ ಕಬ್ಬು ಇನ್ನೂ ಕಾರ್ಖಾನೆಗೆ ಹೋಗಿಲ್ಲ. ಸೊಸೆ ಪೂನಮಳಿಗೆ ದಿನ ತುಂಬಿವೆ, ಡಾಕ್ಟರು ಇನ್ನೂ ಎರಡು ವಾರ ಎಂದಿದ್ದಾರೆ. ನಾನು ರಸ್ತೆ ಗ್ಯಾಂಗಿನ ಮೇಸ್ತ್ರಿಯಾಗಿ ಇನ್ನೊಂದು ವರ್ಷ ಇರುತ್ತೇನೆ. ನಿಮಗೆ ನೆನಪಿರಬಹುದು, ‘ಕಲ್ಲಿಗೆ ಬಣ್ಣ ಬಳಿಯೂದ್ರಾಗ ಹೋತ ನೋಡ್ರಿ ನಿಮ್ಮ ಜನ್ಮ’ ಎಂದು ಹಂಗಿಸುತ್ತಿದ್ದಿರಿ. ಹೋಯಿತು, ನಿಜ. ಈ ವರ್ಷವಂತೂ ಅದೇ ಕೆಲಸ. ಹೊಳೆಯಿಂದ ಕಾಗವಾಡಕ್ಕೆ ಹೋಗುವ ನಮ್ಮ ರಸ್ತೆ ದೊಡ್ಡದೇನಲ್ಲ, ಎತ್ತಿನ ಗಾಡಿಯವರು ಮಾಡಿಕೊಂಡ ದಾರಿ. ನಮ್ಮಜ್ಜನ ಕಾಲಕ್ಕೆ ಅದರ ಕಲ್ಲುಗಳ ಮೇಲೆ ಮೈಲಿಗಳು ಮರಾಠಿಯಲ್ಲಿದ್ದವು. ನಮ್ಮಪ್ಪ ಗ್ಯಾಂಗಿನಲ್ಲಿದ್ದಾಗ ಅವನ್ನು ಕನ್ನಡ ಮಾಡಿದರು, ಆಮೇಲೆ ಕಿಲೋಮೀಟರ್ ಮಾಡಿದರು. ಲೆಕ್ಕ ಮಾತ್ರ ಯಾವಾಗಲೂ ಹೊಳೆಯ ದಂಡೆಯಿಂದಲೇ. ಈಗ ಕಾಗವಾಡ ತನ್ನದೇ ತಾಲ್ಲೂಕಾದ ಮೇಲೆ ಅಥಣಿಯ ಪಟ್ಟಿಯಲ್ಲಿದ್ದ ನಮ್ಮ ರಸ್ತೆಯ ನಂಬರು ಕಿತ್ತು ಹೊಸದು ಕೊಟ್ಟರು, ಎಣಿಕೆಯನ್ನೂ ಕಾಗವಾಡದಿಂದ ಶುರು ಮಾಡಿದರು. ಹಳೆಯ ನಂಬರು ಅಥಣಿ ಕಡೆಯ ಯಾವುದೋ ರಸ್ತೆಗೆ ಹೋಯಿತಂತೆ. ರಸ್ತೆ ಇದ್ದಲ್ಲೇ ಇದೆ, ಕಲ್ಲುಗಳೂ ಇದ್ದಲ್ಲೇ ಇವೆ. ನಮ್ಮ ತೋಟದ ಮುಂದಿನ ಒಂಬತ್ತನೇ ಕಲ್ಲು ಐದಾಯಿತು. ಹಳೆಯ ಐದು ಈಗ ಒಂಬತ್ತು. ಎರಡನ್ನೂ ನಾನೇ ನಿಂತು ಬರೆಸಿದೆ.

ಏಪ್ರಿಲ್‌ನಲ್ಲಿ ನಡೆದದ್ದನ್ನು ನಿಮಗೆ ಯಾರಾದರೂ ಹೇಳಿದರೋ ಇಲ್ಲವೋ. ನಿಮ್ಮ ಸಂಘದ ಕಾಲ್ನಡಿಗೆಯ ವಿಹಾರ ನಮ್ಮ ರಸ್ತೆಯ ಮೇಲೆಯೇ ಎಂದು ತಿಳಿದಾಗ, ನಿಮಗೆ ಆಹಾರ ಕೊಡುವ ಚೌಕೆ ನಮ್ಮ ತೋಟದ ಮನೆಯಲ್ಲೇ ಆಗಲಿ ಎಂದು ಕಾಡಿ ಬೇಡಿ ಒಪ್ಪಿಸಿದ್ದೆ. ದೀಕ್ಷೆಯ ನಂತರ ನಿಮಗೆ ಒಂದು ತುತ್ತು ಕೊಡುವ ಅವಕಾಶ ನನಗೆ ಬಂದಿರಲಿಲ್ಲ. ಸಂಘದ ಜೊತೆಗಿದ್ದ ಸ್ವಯಂಸೇವಕರು ಫೋನಿನಲ್ಲಿ ಜಾಗ ಕೇಳಿದಾಗ, ಹುಟ್ಟಿದಾಗಿನಿಂದ ಹೇಳಿದ್ದನ್ನೇ ಹೇಳಿದೆ, ‘ಒಂಬತ್ತನೇ ಕಲ್ಲಿನ ತೋಟ ರೀ’ ಎಂದು. ಬೆಳಿಗ್ಗೆ ಮಡಿಯುಟ್ಟು, ಕಲಶ ಹಿಡಿದು, ‘ಅತ್ರ ಅತ್ರ, ತಿಷ್ಠ ತಿಷ್ಠ’ ಎಂದು ನಿಮ್ಮನ್ನು ಬರಮಾಡಿಕೊಳ್ಳುವ ಮಾತು ಬಾಯಿಪಾಠ ಮಾಡುತ್ತ ಬಾಗಿಲಲ್ಲಿ ನಿಂತೆ. ಮಡಿಯಲ್ಲಿ ಫೋನು ಮುಟ್ಟುವಂತಿಲ್ಲ, ಅದು ಒಳಗೆ ಬಡಿದುಕೊಳ್ಳುತ್ತಿತ್ತು. ನೀವೆಲ್ಲ ಹೊಸ ಒಂಬತ್ತರ ಹತ್ತಿರದ ಶಾಲೆಯ ಕಟ್ಟೆಯ ಮೇಲೆ ಕೂತಿದ್ದಿರಿ. ದಿನಕ್ಕೊಮ್ಮೆಯ ಆಹಾರದ ಹೊತ್ತು ಮೀರಿತು. ಆ ಬಿಸಿಲಿನಲ್ಲಿ ಮರುದಿನದವರೆಗೆ ನಿಮಗ್ಯಾರಿಗೂ ಹನಿ ನೀರಿಲ್ಲ. ಜಿನ್ನಪ್ಪ ಬಂದು ಹೇಳಿದಾಗ ನಾನು ಹೂಂ ಎಂದೆ. ಅನ್ನ, ತೊವ್ವೆ, ಹಾಲು ಎಲ್ಲ ಕೂಲಿಯವರಿಗೆ ಬಡಿಸಿದೆ, ಕೈ ತೊಳೆದೆ, ಮಧ್ಯಾಹ್ನ ಕೆಲಸಕ್ಕೆ ಹೋದೆ. ದುಃಖವಾಗಬೇಕಿತ್ತು, ಆಗಲಿಲ್ಲ. ದೀಕ್ಷೆಯ ಮಂಟಪದಲ್ಲಿ ಅಷ್ಟು ಜನರ ಮುಂದೆ ‘ನಂದೇನೂ ತಕರಾರಿಲ್ಲ ರೀ’ ಎಂದು ಮೈಕಿನಲ್ಲಿ ಹೇಳಿ ಒಪ್ಪಿಗೆ ಕೊಟ್ಟೆನಲ್ಲ, ಅಂದಿನಿಂದ ನನಗೆ ಹೀಗೇ. ಹಬ್ಬ ಬಂದರೂ ಅಷ್ಟೇ, ಜ್ವರ ಬಂದರೂ ಅಷ್ಟೇ. ಸುಜಯ ‘ಅಪ್ಪಾ, ಒಮ್ಮೆ ಬಾಯಿ ಬಿಟ್ಟ ಅತ್ತಬಿಡು’ ಎನ್ನುತ್ತಾನೆ. ಬಂದರೆ ತಾನೇ ಅಳುವುದು?

ಚಾತುರ್ಮಾಸ ಮುಗಿಸಿ ಗುರುವಾರ ಮತ್ತೆ ಇದೇ ದಾರಿಯಲ್ಲಿ ಬರುತ್ತೀರೆಂದು ತಿಳಿಯಿತು. ಈ ಸಲ ಕಲ್ಲಿನ ಮಾತೇ ಎತ್ತಿಲ್ಲ. ಜಿನ್ನಪ್ಪನೇ ಮುಂದೆ ನಡೆದು ಕರೆತರುತ್ತಾನೆ. ಗೋದಿ ಬೀಸಿಟ್ಟಿದ್ದೇನೆ. ಬಾವಿಯ ನೀರು ಸೋಸುವ ಬಟ್ಟೆಯೂ ಹೊಸದು. ನನಗೆ ಬೇರೆ ಆಸೆಯಿಲ್ಲ. ಎಲ್ಲ ಶ್ರಾವಕರಂತೆ ನಿಮ್ಮ ಅಂಜಲಿಗೆ ಒಂದು ತುತ್ತು ಇಡಬೇಕು, ಅಷ್ಟೇ.

ವಯಸ್ಸಿನಲ್ಲಿ ನಾನು ಹಿರಿಯನಾದರೂ ಆಶೀರ್ವಾದ ನೀವೇ ಮಾಡಬೇಕು, ಕಾಲ ಹಾಗಿದೆ. ಸಂಘದ ಎಲ್ಲ ಮಾತಾಜಿಯವರಿಗೂ ವಂದಾಮಿ ತಿಳಿಸಿ.

ಇಂತಿ,
ಆಬಾಸಾಹೇಬ

ತಾ.ಕ.: ನಿನ್ನೆ ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ನಿಮಗೆ ಮುಟ್ಟಿಸಲು ಜಿನ್ನಪ್ಪ ಬೈಕ್ ಚಾಲು ಮಾಡಿಕೊಂಡು ಕಾಯುತ್ತಿದ್ದಾನೆ. ಪೂನಮಳಿಗೆ ಇಂದು ಬೆಳಿಗ್ಗೆಯೇ ಬೇನೆ ಬಂದು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಮನೆಗೆ ಹತ್ತು ದಿನ ಸೂತಕ, ಹಾಗಾಗಿ ಗುರುವಾರ ನನ್ನ ಕೈಯಿಂದ ಆಹಾರವಿಲ್ಲ. ಚೌಕೆ ಜಿನ್ನಪ್ಪನ ಮನೆಯಲ್ಲಿ, ನನ್ನ ಗೋದಿ ಸಹ ಅಲ್ಲಿಗೆ ಹೋಗುವಂತಿಲ್ಲ. ನಾನು ರಸ್ತೆಯ ಆಚೆ ದೂರ ನಿಂತಿರುತ್ತೇನೆ. ಇನ್ನೊಂದು ಮಾತು. ಸುಜಯ ಫೋನಿನಲ್ಲಿ ‘ಅವ್ವನ ಹೆಸರ ಇಡತೇವಪ್ಪಾ, ಜಿನಮತಿ ಅಂತ. ಈಗ ಅದು ಯಾರ ಹೆಸರೂ ಅಲ್ಲಲ್ಲ’ ಎಂದ. ದೀಕ್ಷೆಯ ದಿನ ನೀವು ಬಿಟ್ಟುಹೋದ ಆ ಹೆಸರನ್ನು ಮೂರು ವರ್ಷ ಈ ಮನೆಯಲ್ಲಿ ಯಾರೂ ಆಡಿರಲಿಲ್ಲ. ಕೇಳಿದ್ದೇ ತಡ, ಅಂಗಳದಲ್ಲಿ ಕುಸಿದು ಕೂತು ಅತ್ತುಬಿಟ್ಟೆ, ಜಿನ್ನಪ್ಪ ಬಂದು ಎಬ್ಬಿಸಬೇಕಾಯಿತು. ಇಡಬಹುದೋ ಬೇಡವೋ, ಜಿನ್ನಪ್ಪನ ಹತ್ತಿರ ಹೇಳಿ ಕಳಿಸಿ. ಇಡಿ ಎಂದರೆ, ನಾಳೆಯಿಂದ ದಿನಾ ಆ ಹೆಸರು ಹಿಡಿದು ಕೂಗಲು ನನಗೊಂದು ಜೀವ ಸಿಗುತ್ತದೆ.