ಗುಬ್ಬಿ ಡ್ರಾಯರಿನ ಚಾರ್ಜು

ಜುಲೈ 2
ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಂ ಬೀಗ ತೆಗೆದೆ. ಸ್ಪಿರಿಟ್ ಇಳಿದ ಜಾಡಿಗಳಿಗೆ ತುಂಬಿಸಿದೆ. ಹುಲಿಯ ಮೀಸೆ ಒರೆಸುತ್ತಿದ್ದಾಗ ಆರ್ಡರ್ ಬಂತು! ಯಜಮಾನರೂ ಮಗಳೂ ಇರುವ ಊರಿನ ಕಾಲೇಜಿಗೇ ವರ್ಗ. ಇನ್ನು ಅವಳ ಜಡೆ ನಾನೇ ಹೆಣೆಯುವುದು. ಹೆಡ್ ಮಾತ್ರ, "ಮೊದ್ಲು ಯಾರಿಗಾದ್ರೂ ಚಾರ್ಜ್ ಕೊಡಮ್ಮ, ಆಮೇಲೆ ಹೋಗು" ಅಂದರು. ಕೊಡೋಕೆ ನಾನು ರೆಡಿ. ತಗೊಳ್ಳೋರು? ಒಂದು ಪುಕ್ಕ ಕಮ್ಮಿಯಾದರೂ ತಗೊಂಡವರ ತಲೆಗೆ. ಅತ್ತ ದರಿ, ಇತ್ತ ಹುಲಿ — ಅದೂ ಹತ್ತಿ ತುಂಬಿದ ಹುಲಿ.

ಜುಲೈ 5
ವಿದ್ಯಾರ್ಥಿಗಳು ಬೀಳ್ಕೊಟ್ಟೇಬಿಟ್ಟರು. ಇಷ್ಟು ದಪ್ಪ ಹೂಗುಚ್ಛ. ಒಳಗೆ ಹೂವು ತರಬಾರದು ಅಂತ ಬೋರ್ಡ್ ಬರೆಸಿದವಳೇ ನಾನು... ಒಂದು ದಿನ ತಾನೇ ಅಂತ ಹತ್ತಿ ತುಂಬಿದ ಗುಬ್ಬಿಗಳ ಕಪಾಟಿನ ಮೇಲಿಟ್ಟೆ. ಖುಷಿಯಾಗಿತ್ತು, ಏನು ಮಾಡಲಿ.

ಜುಲೈ 29
ಇನ್ನೂ ಇಲ್ಲೇ. ಸಂಶೋಧನೆಗೆ ಅಂತ ಹುಡುಗಿಯೊಬ್ಬಳು ಬಂದಿದ್ದಳು. ನೂರು ವರ್ಷದ ಹಿಂದಿನ ಗುಬ್ಬಿಯ ಎದೆಗೆ ಹತ್ತಿ ಒತ್ತಿ ಪುಕ್ಕಕ್ಕೆ ಅಂಟಿದ್ದ ಆ ಕಾಲದ ಹೊಗೆಮಸಿ ತೆಗೆದಳು. "ಆಗಿನ ಗಾಳಿ ಬೇರೆಲ್ಲಿ ಸಿಗುತ್ತೆ ಹೇಳಿ ಮೇಡಂ?" ಹೆಮ್ಮೆಯಾಯಿತು. ಸಿಟ್ಟೂ ಬಂತು. ನಾನೂ ಇಲ್ಲೇ ಧೂಳು ಹಿಡಿಯುತ್ತಿದ್ದೀನಲ್ಲ.

ಆಗಸ್ಟ್ 20
ಅಬ್ಬಾ, ಒಬ್ಬರು ಸಿಕ್ಕರು! ಹೊಸ ಲೆಕ್ಚರರ್. ನಾಳೆ ಸಹಿ. ಶನಿವಾರದ ಬಸ್ಸಿಗೆ ಸೀಟೂ ಆಯಿತು. ಮಗಳು ಫೋನಿನಲ್ಲೇ ಕುಣಿದಳು.

ಸಂಜೆ 5
ಸುಮ್ಮನೆ ಗುಬ್ಬಿ ಡ್ರಾಯರ್ ಎಳೆದೆ. ತಳದಲ್ಲಿ ಕಂದು ಪುಡಿ. ಮೈತುಂಬ ರೋಮವಿರುವ ಸಣ್ಣ ಹುಳಗಳು. ಹೂವಿನ ಜೊತೆ ಬರುವ ಕೀಟ — ಅದರ ಮರಿಗಳಿಗೆ ಪುಕ್ಕವೇ ಊಟ. ನನ್ನದೇ ಹೂವು. ಮುಚ್ಚಿದೆ. ಯಾರೂ ನೋಡಿಲ್ಲ.

ಆಗಸ್ಟ್ 21
ಲೆಕ್ಚರರ್ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಬಂದರು. "ಡ್ರಾಯರೆಲ್ಲ ನೋಡೋದೇನಿದೆ ಮೇಡಂ, ನೀವು ಹೇಳಿದ್ರೆ ಸಾಕು." ಪೆನ್ ತೆಗೆದರು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಇವರು ಆ ಡ್ರಾಯರ್ ತೆಗೆಯೋದು ಯಾವ ಕಾಲಕ್ಕೆ? ಅಷ್ಟರಲ್ಲಿ ಗುಬ್ಬಿ ಹೋಗಿ ಬರೀ ಹತ್ತಿ ಉಳಿದಿರುತ್ತೆ.
"ಸಹಿ ಮಾಡ್ಬೇಡಿ. ಹುಳ ಬಿದ್ದಿದೆ" ಅಂದೆ.
ಪೆನ್ ಜೇಬಿಗೆ ಹೋಯಿತು. ಅವರೂ ಹೋದರು.

ಆಗಸ್ಟ್ 22
ಡ್ರಾಯರ್‌ಗಳೆಲ್ಲ ಸರದಿಯಂತೆ ಫ್ರೀಜರಿಗೆ. ಹುಳ ಪೂರ್ತಿ ಸತ್ತಿತು ಅನ್ನೋಕೆ ತಿಂಗಳುಗಳೇ ಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೋನಿನಲ್ಲಿ ಯಜಮಾನರು, "ನಿನಗೆ ಸತ್ತ ಗುಬ್ಬಿನೇ ಹೆಚ್ಚಾಯ್ತಲ್ಲ" ಅಂದು ಫೋನ್ ಮಗಳ ಕೈಗೆ ಕೊಟ್ಟರು.
"ಈ ಸಲ ಬರೋಕಾಗಲ್ಲ ಕಂದ..."
ಅಳಲಿಲ್ಲ. "ಗೊತ್ತಿತ್ತು ಬಿಡಮ್ಮ" ಅಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಈಗ ನಾನು ಮುಂದಿನ ಡ್ರಾಯರ್ ಫ್ರೀಜರಿಗೆ ಇಡಬೇಕು.