ಬೆಳಗಿನ ಮೊದಲ ನೀರು

೧೪ ಮಾರ್ಚ್, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಪಾಳಿ ಮುಗಿಸಿ, ಎರಡು ತುತ್ತು ಉಂಡು, ಕೂತು ಓದು ಈ ಕಾಗದವನ್ನು. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನೋಡಿದೆ. ನಿನ್ನ ದನಿ ಕೇಳಿದ ಕೂಡಲೇ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನರ್ಸಿಂಗ್ ಓದಲು ಹೊರಟ ವಾರ ನೀನೇ ನನ್ನ ಹೆಸರನ್ನು ಆ ನೀರಿನ ಸಂಶೋಧನೆಗೆ ಬರೆಸಿದ್ದೆ. "ನನ್ನ ಮಗಳು ಗುಬ್ಬಿ ನಿನ್ನ ಹತ್ತಿರ ಇರುತ್ತಾಳೆ, ಅವಳು ಕುಡಿಯುವ ನೀರು ಎಂಥದ್ದೆಂದು ಗೊತ್ತಾಗಲಿ" ಎಂದಿದ್ದೆ ನೀನು. ಊರಿನ ನಾನೂರು ಮನೆಯವರು ಸೇರಿದ್ದೆವು. ನನ್ನಂಥ ದರ್ಜಿಗಳು, ನಿವೃತ್ತ ಮೇಷ್ಟ್ರುಗಳು, ಯಾರೂ ವಿಜ್ಞಾನ ಓದಿದವರಲ್ಲ. ತಿಂಗಳಿಗೊಮ್ಮೆ ಮನೆಯ ನಲ್ಲಿ ನೀರನ್ನು ಬಾಟಲಿಗೆ ಹಿಡಿದು ವಿಶ್ವವಿದ್ಯಾಲಯಕ್ಕೆ ಕೊಟ್ಟರೆ, ಅದರಲ್ಲಿ ಸೀಸ ಎಷ್ಟಿದೆಯೆಂದು ಅವರು ನೋಡುತ್ತಿದ್ದರು. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು, ರಾತ್ರಿಯಿಡೀ ಪೈಪಿನಲ್ಲಿ ನಿಂತ ಮೊದಲ ನೀರನ್ನೇ ಹಿಡಿಯಬೇಕು. ಅದೊಂದೇ ನಿಯಮ.

ಮೊದಲ ತಿಂಗಳೇ ಮರೆತೆ. ಗುಬ್ಬಿ ಅಳುತ್ತಿದ್ದಳು, ಎದ್ದವಳೇ ಹಾಲಿನ ಬಾಟಲಿ ತೊಳೆದುಬಿಟ್ಟೆ. ಹೊಲಿಗೆ ಅಂಗಡಿಗೆ ಹೋದಮೇಲೆ ಅಲ್ಲಿಯ ನಲ್ಲಿಯಿಂದ ತುಂಬಿ ಕೊಟ್ಟೆ. ಯಾವ ನೀರಾದರೇನು ಎಂದುಕೊಂಡೆ. ಆ ಕಟ್ಟಡ ಹೊಸದು, ಪೈಪೂ ಹೊಸದು. ನಿಮ್ಮ ಮನೆಯ ನೀರು ಚೆನ್ನಾಗಿದೆ ಎಂದು ಪತ್ರ ಬಂತು. ಓದಿ ಹೇಳಿದಾಗ ನೀನು ಎಷ್ಟು ಹಗುರಾದೆ!

ಮುಂದಿನ ತಿಂಗಳು ಸರಿಯಾಗಿ ಹಿಡಿಯಬೇಕೆಂದಿದ್ದೆ. ಅಂಕಿ ಬದಲಾದರೆ ಕೇಳಿಯಾರು ಎಂದು ಹೆದರಿ ಮತ್ತೆ ಅಂಗಡಿಯ ನೀರನ್ನೇ ಕೊಟ್ಟೆ. ಹೀಗೇ ಇಪ್ಪತ್ತೆರಡು ತಿಂಗಳು. ಒಂದು ತಿಂಗಳೂ ತಪ್ಪಿಸದವಳು ಎಂದು ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಆ ಚಪ್ಪಾಳೆ ಹಿತವಾಗಿತ್ತು.

ನಮ್ಮ ಬೀದಿಯಿಂದ ನೀರು ಕೊಡುತ್ತಿದ್ದವಳು ನಾನೊಬ್ಬಳೇ. ನನ್ನ ಅಂಕಿಯೇ ಬೀದಿಯ ಅಂಕಿ. ಹಿಂದಿನ ಬೀದಿಯ ಪೋಸ್ಟ್‌ಮ್ಯಾನ್ ಅಜ್ಜ ಅಲಾರಂ ಇಟ್ಟು ಎದ್ದು ಹಿಡಿಯುತ್ತಿದ್ದರು. ಅವರ ಬೀದಿಯ ಹಳೆಯ ಸೀಸದ ಪೈಪುಗಳನ್ನು ಹೋದ ವರ್ಷವೇ ಅಗೆದು ಬದಲಾಯಿಸಿದರು. ನಮ್ಮದಕ್ಕೆ ಅವಸರವಿಲ್ಲವೆಂದು ಕೊನೆಗೆ ಇಟ್ಟರು.

ಹೋದ ತಿಂಗಳು ಸಂಶೋಧನೆಯ ಹುಡುಗಿ, ವರದಿಯಲ್ಲಿ ಹಾಕಲು ನಾನು ನೀರು ಹಿಡಿಯುವ ಫೋಟೊ ಬೇಕೆಂದು, ಬೆಳಗಾಗುತ್ತಲೇ ಮನೆಗೆ ಬಂದಳು. ಅವಳೆದುರು ನಮ್ಮ ಅಡುಗೆಮನೆಯ ನಲ್ಲಿಯನ್ನೇ ತಿರುಗಿಸಬೇಕಾಯಿತು. ಬಾಟಲಿಯನ್ನು ಅವಳೇ ಒಯ್ದಳು. ನಾಲ್ಕು ದಿನ ಬಿಟ್ಟು ಫೋನ್ ಮಾಡಿದಳು.

"ಅಮ್ಮಾ, ಈ ನೀರಲ್ಲಿ ತುಂಬಾ ಸೀಸ ಇದೆ. ಇಷ್ಟು ದಿನ ಕೊಟ್ಟಿದ್ದು ಯಾವ ನಲ್ಲಿ ನೀರು?"

ಹೇಳಿದೆ. ಅವಳು ಬೈಯಲಿಲ್ಲ. ನಿಮ್ಮ ಮನೇಲಿ ಮಗು ಇದೆಯಲ್ವಾ ಎಂದಳು. ಈಗ ಎಲ್ಲರ ಅಂಕಿಗಳನ್ನೂ ಮತ್ತೆ ಪರೀಕ್ಷಿಸಬೇಕಂತೆ. ಪೋಸ್ಟ್‌ಮ್ಯಾನ್ ಅಜ್ಜನ ಬಾಟಲಿಯನ್ನೂ ಅನುಮಾನದಿಂದ ನೋಡುವ ಹಾಗೆ ಮಾಡಿದೆ ನಾನು.

ಮಾರನೆಯ ದಿನ ಬೀದಿಯ ಹನ್ನೊಂದು ಮನೆಗೂ ಹೋಗಿ ಹೇಳಿಬಂದೆ. ಒಂಬತ್ತು ಮಕ್ಕಳಿದ್ದಾರೆ ಆ ಮನೆಗಳಲ್ಲಿ. ಎದುರುಮನೆಯ ಬಸುರಿ ಪೂರ್ತಿ ಕೇಳಿಸಿಕೊಂಡು, ಕೈಯಲ್ಲಿದ್ದ ಲೋಟದ ನೀರನ್ನು ನನ್ನ ಕಾಲ ಬಳಿ ಚೆಲ್ಲಿ ಬಾಗಿಲು ಹಾಕಿಕೊಂಡಳು. ಕುಡಿಯುವ ನೀರು ಈಗ ಟ್ಯಾಂಕರಿನಲ್ಲಿ ಬರುತ್ತದೆ. ಸಾಲಿನಲ್ಲಿ ನನ್ನ ಹಿಂದೆ ಮುಂದೆ ಯಾರೂ ನಿಲ್ಲುವುದಿಲ್ಲ.

ಇನ್ನು ಗುಬ್ಬಿ. ಕೆಲವು ಮಕ್ಕಳಿಗೆ ಮಾತು ತಡ, ಹೆದರಬೇಡಿ ಎಂದು ಡಾಕ್ಟರು ಹೇಳಿದರು ಎಂದಿದ್ದೆನಲ್ಲ, ಆಗ ಯಾವ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ನಿನ್ನ ಓದು ಕೆಡಬಾರದೆಂದು ಹಾಗೆ ಹೇಳಿದೆ. ಮೂರು ತುಂಬಿದರೂ ಅವಳ ಬಾಯಲ್ಲಿ ನಾಲ್ಕೇ ಮಾತು. ಈಗ ಕರೆದುಕೊಂಡು ಹೋದೆ, ರಕ್ತ ತೆಗೆದರು. ಸೂಜಿ ಚುಚ್ಚಿದಾಗ ಅಳದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಫಲಿತಾಂಶ ಇನ್ನೂ ಬಂದಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು, ಅಷ್ಟೇ.

ನಿನ್ನ,
ಅಮ್ಮ

ವಿ.ಸೂ.: ಫಲಿತಾಂಶ ಬಂದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನೆಯೇ ಬಂತು. ಗುಬ್ಬಿಯ ರಕ್ತದಲ್ಲಿ ಸೀಸ ಬಹಳ ಇದೆ, ಕೂಡಲೇ ಊರಿನ ದೊಡ್ಡಾಸ್ಪತ್ರೆಗೆ ಸೇರಿಸಿಕೊಂಡರು. ಇದನ್ನು ಬರೆಯುತ್ತಿರುವುದು ಅವಳ ಮಂಚದ ಪಕ್ಕದಲ್ಲಿ ಕೂತು. ರಕ್ತದಿಂದ ಸೀಸ ತೆಗೆಯಬಹುದು, ಮೆದುಳಿಗೆ ಆದದ್ದರ ಬಗ್ಗೆ ಏನೂ ಹೇಳಲಾರೆವು ಎಂದರು. ಮೇಲಿನ ಆ ಸುಳ್ಳು ಸಾಲನ್ನು ಹೊಡೆದುಹಾಕಬಹುದಿತ್ತು. ಬೇಡವೆನಿಸಿತು. ನಿನ್ನ ಅಮ್ಮ ಎಂಥವಳೆಂದು ನಿನಗೆ ಗೊತ್ತಿರಲಿ. ಮಕ್ಕಳ ವಾರ್ಡು ಎರಡನೇ ಮಹಡಿಯಲ್ಲಿದೆ. ಬಾ.